ಮೂರ್ತಿ ಅತ್ತ ದೃಶ್ಯ

ಮಧುರಾ ಮೂರ್ತಿಯನ್ನು ಮೊದಲು ನೋಡಿದ್ದು ಏಣಿಯ ಮೇಲೆ. ಚಾಮರಾಜಪೇಟೆಯ ಆ ಹಳೆಯ ಶಾಲೆಯ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಒಂದು ಬೆಳಗಿನಿಂದ ಕಣ್ಣು ಹೊಡೆಯುತ್ತಿತ್ತು. ಅವಳು ಕಾಫಿ ಕುಡಿದು ಬರುವಷ್ಟರಲ್ಲಿ ಯಾರೋ ಏಣಿ ಹಾಕಿಕೊಂಡು ಅದನ್ನು ಬಿಚ್ಚುತ್ತಿದ್ದ. ಶಾಲೆಯವರು ಕೊನೆಗೂ ಕೆಲಸದವನನ್ನು ಕಳಿಸಿದರಲ್ಲ ಎಂದುಕೊಂಡು, ಬೇಗ ಮುಗಿಸಿ ಹೊರಡಪ್ಪ, ಇಲ್ಲಿ ನಾಟಕಕ್ಕೆ ಆಡಿಷನ್ ಇದೆ ಎಂದಳು. ಅವನು ಆಗಲಿ ಎಂದ. ಟ್ಯೂಬ್ ಹಾಕಿ ಇಳಿದ, ಏಣಿಯನ್ನು ಗೋಡೆಗೆ ಒರಗಿಸಿದ, ಕೈ ತೊಳೆದುಕೊಂಡು ಬಂದು ಆಡಿಷನ್‌ಗೆ ಬಂದವರ ಸಾಲಿನ ಕೊನೆಯಲ್ಲಿ ಕೂತ.

ಅವನ ಸರದಿ ಬಂದಾಗ ಮಧುರಾಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಿಮ್ಮ ಹೆಸರು?"

"ಮೂರ್ತಿ. ಕೆಇಬಿಯಲ್ಲಿ ಕ್ಲರ್ಕು. ಬಿಲ್ ಬರೆಯೋದಕ್ಕೆ ಸಂಬಳ ಕೊಡ್ತಾರೆ ಮೇಡಂ, ಟ್ಯೂಬ್ ಹಾಕಿದ್ದು ಪುಕ್ಕಟೆ."

ಅವಳು ಸಾರಿ ಎಂದಳು. ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಡೈರೆಕ್ಟರ್ ಆದವಳು ನಟನ ಮುಖವನ್ನು ನೋಡಬೇಕಾದದ್ದೇ. ಆದರೆ ಅಷ್ಟು ಹೊತ್ತು ನೋಡಬೇಕಾಗಿರಲಿಲ್ಲ.

ಅದು ತೊಂಬತ್ತೊಂಬತ್ತನೆಯ ಇಸವಿ. ಮಧುರಾ ಬಸವನಗುಡಿಯವಳು. ಹಗಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ, ಸಂಜೆ ನಾಟಕ. ಮೂವತ್ತು ಹತ್ತಿರವಾದ ಹುಡುಗಿಗೆ ಇವೆರಡೇ ಸಾಕಾಗುವುದಿಲ್ಲ ಎಂದು ಅವಳ ತಾಯಿ ತುಳಸಮ್ಮ ದಿನಕ್ಕೊಮ್ಮೆ ಹೇಳುತ್ತಿದ್ದರು, ಅದು ಬೇರೆ ಮಾತು. ಒಂದು ವರ್ಷ ಊರಾಚೆ ಇದ್ದು ರಂಗತರಬೇತಿ ಪಡೆದು ಬಂದಿದ್ದಳು. ಅಲ್ಲಿನ ಮೇಷ್ಟ್ರು ಒಂದು ಮಾತನ್ನು ಅವಳ ತಲೆಯಲ್ಲಿ ಮೊಳೆ ಹೊಡೆದು ಕೂರಿಸಿದ್ದರು. ಪ್ರತಿ ನಟನ ಒಳಗೂ ಒಂದು ಗಾಯ ಇರುತ್ತದೆ, ಅದು ಎಲ್ಲಿದೆ ಎಂದು ಹುಡುಕಿ ಮುಟ್ಟುವವನೇ ನಿರ್ದೇಶಕ. ಮಧುರಾ ಇದನ್ನು ನಂಬಿದ್ದಳು. ನಂಬುವುದು ಸುಲಭವೂ ಆಗಿತ್ತು, ಏಕೆಂದರೆ ಗಾಯ ಯಾವಾಗಲೂ ನಟನದಾಗಿರುತ್ತಿತ್ತು.

ನಾಟಕ ಸಣ್ಣದು. ಜಗಳವಾಡಿ ಮನೆ ಬಿಟ್ಟುಹೋದ ಮಗ ವರ್ಷಗಳಾದ ಮೇಲೆ ಬಂದು, ಹಾಸಿಗೆ ಹಿಡಿದ ಅಪ್ಪನ ಎದುರು ನಿಲ್ಲುತ್ತಾನೆ. ಮಗನ ಪಾತ್ರ ಮೂರ್ತಿಗೆ ಬಂತು. ಅಪ್ಪನ ಪಾತ್ರಕ್ಕೆ ಕಲಾಸಿಪಾಳ್ಯದಲ್ಲಿ ಅಂಗಡಿ ಇಟ್ಟಿದ್ದ ಲಕ್ಷ್ಮಯ್ಯ, ತಂಗಿಯ ಪಾತ್ರಕ್ಕೆ ಕಾಲೇಜು ಹುಡುಗಿ ಸುಪ್ರಜಾ. ತಂಡ ಕಟ್ಟಿದ್ದ ಸಂಕರ್ಷಣ ಎಂಬ ರಿಟೈರ್ಡ್ ಮೇಷ್ಟ್ರು ಆ ವರ್ಷ ನಾಟಕ ಸ್ಪರ್ಧೆಗೆ ಹೆಸರು ಕೊಟ್ಟುಬಂದಿದ್ದರು. ಮಧುರಾಳ ಹಿಂದಿನ ನಾಟಕವನ್ನು ನೋಡಿದವರು ಚೆನ್ನಾಗಿತ್ತು ಎಂದು ಹೇಳಿ ಬೇಗ ಬೇಗ ಹೊರಟುಹೋಗಿದ್ದರು. ಈ ಸಲ ಹಾಗಾಗಬಾರದು ಎಂದು ಅವಳು ಹಠ ಹಿಡಿದಿದ್ದಳು.

ಮೊದಲ ದಿನದಿಂದಲೇ ಮೂರ್ತಿಗೂ ಅವಳಿಗೂ ತಕರಾರು.

"ಮೇಡಂ, ಇಲ್ಲಿ ಕೈ ಎಲ್ಲಿಟ್ಕೊಳ್ಲಿ?"

"ಒಳಗೆ ಅನ್ನಿಸ್ಲಿ ಮೂರ್ತಿ. ಅನ್ನಿಸಿದ್ರೆ ಕೈ ತಾನಾಗೇ ಜಾಗ ಹುಡುಕ್ಕೊಳ್ಳತ್ತೆ."

"ನನ್ನ ಕೈಗೆ ಅಷ್ಟು ಬುದ್ಧಿ ಇಲ್ಲ ಮೇಡಂ. ನೀವೇ ಹೇಳ್ಬಿಡಿ."

ಎಲ್ಲರೂ ನಗುತ್ತಿದ್ದರು. ಅವಳು ನಗಬಾರದೆಂದು ತುಟಿ ಕಚ್ಚಿಕೊಳ್ಳುತ್ತಿದ್ದಳು, ಅವನು ಅದನ್ನು ನೋಡಿಬಿಡುತ್ತಿದ್ದ. ರಿಹರ್ಸಲ್ ಮುಗಿದ ಮೇಲೂ ವಾದ ನಿಲ್ಲುತ್ತಿರಲಿಲ್ಲ. ಚಾಮರಾಜಪೇಟೆಯಿಂದ ಗಾಂಧಿ ಬಜಾರಿನವರೆಗೆ ನಡೆದುಕೊಂಡೇ ಹೋಗುವುದು, ದಾರಿಯುದ್ದಕ್ಕೂ ಜಗಳ, ಕೊನೆಗೆ ಒಂದು ಮಸಾಲೆದೋಸೆಯ ಮುಂದೆ ಸಂಧಾನ. ಅಳುವವನ ಪಾತ್ರ ಮಾಡಲು ಅಳಲೇಬೇಕೆಂದರೆ ಕೊಲೆಗಾರನ ಪಾತ್ರ ಮಾಡುವವನು ಏನು ಮಾಡಬೇಕು ಎಂದು ಅವನು ಕೇಳುತ್ತಿದ್ದ. ಅದು ಹಳೆಯ ಕುಹಕ, ಅದಕ್ಕೆ ಉತ್ತರ ಇದೆ ಎಂದು ಅವಳು ಹೇಳುತ್ತಿದ್ದಳು. ಉತ್ತರ ಹೇಳುವಷ್ಟರಲ್ಲಿ ಅವನು ತನ್ನ ಚಟ್ನಿಯನ್ನು ಅವಳ ತಟ್ಟೆಗೆ ಬಗ್ಗಿಸಿರುತ್ತಿದ್ದ, ಅವಳಿಗೆ ಉತ್ತರವೇ ಮರೆತುಹೋಗುತ್ತಿತ್ತು.

ಕೊನೆಯ ದೃಶ್ಯ ಮಾತ್ರ ಬರಲಿಲ್ಲ. ಅಪ್ಪನ ಎದುರು ನಿಂತ ಮಗ ಕರಗಬೇಕು. ಮೂರ್ತಿ ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದ. ಸರಿಯಾಗಿ ತಿರುಗುತ್ತಿದ್ದ, ಸರಿಯಾಗಿ ತಡವರಿಸುತ್ತಿದ್ದ. ಆದರೂ ಅದು ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು. ಸಂಕರ್ಷಣ ಅವಳನ್ನು ಪಕ್ಕಕ್ಕೆ ಕರೆದು, ಹುಡುಗ ಒಳಗಿಂದ ಕೊಡ್ತಾ ಇಲ್ಲ ಎಂದರು.

ಆ ಭಾನುವಾರ ಬೆಳಿಗ್ಗೆ ಇಬ್ಬರೂ ಲಾಲ್‌ಬಾಗಿನಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದರು. ಮೂರ್ತಿಯ ಮನೆ ಪಕ್ಕದ ಮಾವಳ್ಳಿಯಲ್ಲಿ. ನಾಟಕದ ಮಾತು ಬಿಟ್ಟು ಬೇರೆ ಏನಾದರೂ ಮಾತಾಡೋಣ ಎಂದು ಅವಳೇ ಹೇಳಿದ್ದಳು. ಅವನು ತನ್ನ ಅಪ್ಪನ ವಿಷಯ ಹೇಳಿದ.

ಅಪ್ಪ ಶ್ರೀನಿವಾಸಯ್ಯನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಏನಾದರೂ ಬೇಕಾದರೆ ಹಾಸಿಗೆಯ ಪಕ್ಕದ ಸ್ಟೀಲ್ ಲೋಟವನ್ನು ಉಗುರಿನಿಂದ ಬಡಿಯುತ್ತಿದ್ದ. ನೀರಿಗೂ ಅದೇ, ಮಗ್ಗಲು ತಿರುಗಿಸುವುದಕ್ಕೂ ಅದೇ, ಸುಮ್ಮನೆ ಯಾರಾದರೂ ಬಂದು ಕೂರಲಿ ಎಂದರೂ ಅದೇ. ಮೂರ್ತಿಗೆ ಬಿ.ಕಾಂ ಕೊನೆಯ ಪರೀಕ್ಷೆ. ಅಮ್ಮ ಬೈರಮ್ಮ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಆ ಲೋಟವನ್ನು ತೆಗೆದು ಅಟ್ಟದ ಮೇಲಿಟ್ಟ. ಮನೆ ನಿಶ್ಶಬ್ದವಾಯಿತು, ಅವನು ಓದಿದ.

"ಎತ್ತಿಟ್ಟಿದ್ದು ಅಪ್ಪಂಗೆ ಗೊತ್ತಾಯ್ತು. ನನ್ನೇ ನೋಡ್ತಿದ್ರು. ಆ ವಾರದಲ್ಲೇ ಹೋಗ್ಬಿಟ್ರು. ಅಮ್ಮಂಗೆ ಇವತ್ತಿಗೂ ಹೇಳಿಲ್ಲ. ಯಾರ್ಗೂ ಹೇಳಿಲ್ಲ."

ಮಧುರಾ ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ. ಎಷ್ಟೋ ಹೊತ್ತು ಹಾಗೇ ಕೂತಿದ್ದರು, ಎದ್ದು ಹೊರಟಾಗ ಮೇಡಂ ಹೋಗಿ ಮಧುರಾ ಆಗಿತ್ತು, ನೀವು ಹೋಗಿ ನೀನು ಆಗಿತ್ತು. ಅವಳು ಮನೆಗೆ ಬಂದಾಗ ತುಳಸಮ್ಮ, ಏನೇ ಇಷ್ಟು ಬೆಳಕಾಗಿದೀಯ ಎಂದು ಕೇಳಿದರು.

ಆ ಬೆಳಕು ಪ್ರೀತಿಯದೇ ಆಗಿದ್ದರೆ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಅವಳ ತಲೆಯ ಅರ್ಧದಲ್ಲಿ ಅವನ ಕೈ ಇತ್ತು, ಇನ್ನರ್ಧದಲ್ಲಿ ಲೋಟ ಇತ್ತು. ಬೆಂಚಿನ ಮೇಲೆ ಅವನ ಕೈ ಹಿಡಿದದ್ದು ಪ್ರೀತಿಸುವ ಹೆಣ್ಣೋ ಗಾಯ ಹುಡುಕುತ್ತಿದ್ದ ಡೈರೆಕ್ಟರೋ ಎಂದು ಆಮೇಲೆ ಎಷ್ಟು ಕೇಳಿಕೊಂಡರೂ ಅವಳಿಗೆ ಗೊತ್ತಾಗಲಿಲ್ಲ.

ಮಾರನೆಯ ಸಂಜೆ ಅವಳು ಲಕ್ಷ್ಮಯ್ಯನವರನ್ನು ಪಕ್ಕಕ್ಕೆ ಕರೆದು, ಮಗ ಬಂದು ನಿಂತಾಗ ಮಂಚದ ಪಕ್ಕದ ಲೋಟವನ್ನು ಉಗುರಿನಿಂದ ಬಡಿಯಿರಿ ಎಂದಳು. ಅವರು, ಮೂರ್ತಿಗೂ ಒಂದು ಮಾತು ಹೇಳೋದು ಬೇಡ್ವಾ ಎಂದು ಕೇಳಿದರು. ಬೇಡ ಎಂದಳು.

ಮೂರ್ತಿ ಬಾಗಿಲಿನಿಂದ ಒಳಗೆ ಬಂದ. ಲೋಟ ಸದ್ದು ಮಾಡಿತು. ಅವನು ನಿಂತಲ್ಲೇ ನಿಂತ. ಮಾತು ಮರೆತುಹೋಯಿತು. ಸುಪ್ರಜಾ ತನ್ನ ಮಾತಿಗೆ ಕಾದಳು, ಅವನು ಅವಳ ಕಡೆ ನೋಡಲೂ ಇಲ್ಲ. ಎಲ್ಲರಿಗೂ ಬೆನ್ನು ಹಾಕಿ ಮಂಚದ ಪಕ್ಕ ಕುಸಿದು ಕೂತು, ಲೋಟವನ್ನು ಲಕ್ಷ್ಮಯ್ಯನವರ ಕೈಗೆ ಇನ್ನಷ್ಟು ಹತ್ತಿರ ಸರಿಸಿದ. ಅವನ ಭುಜ ಅಲ್ಲಾಡುತ್ತಿತ್ತು. ಸುಪ್ರಜಾ ಅತ್ತುಬಿಟ್ಟಳು.

ಮಧುರಾಗೆ ಸಂತೋಷವಾಯಿತು. ಬೇರೆ ಯಾವ ಹೆಸರಿಟ್ಟರೂ ಅದು ಸುಳ್ಳಾಗುತ್ತದೆ. ಕೈ ತಟ್ಟಿ, ಸೂಪರ್ ಮೂರ್ತಿ, ಇದನ್ನ ಹೀಗೇ ಇಟ್ಕೋ ಎಂದಳು.

ಮೂರ್ತಿ ತಿರುಗಿ ಅವಳನ್ನು ನೋಡಿದ. ಟವೆಲಿನಲ್ಲಿ ಮುಖ ಒರೆಸಿಕೊಂಡು, ಉಳಿದ ದೃಶ್ಯವನ್ನು ಒಂದು ಮಾತೂ ತಪ್ಪದೆ ಮುಗಿಸಿದ, ಮಂಚ ಮಡಿಸುವುದಕ್ಕೆ ಕೈ ಹಾಕಿದ, ಹೊರಟುಹೋದ. ಗಾಂಧಿ ಬಜಾರಿನವರೆಗೆ ಅವಳು ಒಬ್ಬಳೇ ನಡೆದಳು. ಬೀದಿಯಲ್ಲಿ ಹೂವಿನವಳು ಮೊಳ ಹಾಕುತ್ತಾ ಬೇಕೇನಕ್ಕಾ ಎಂದರೂ ಅವಳಿಗೆ ಕೇಳಿಸಲಿಲ್ಲ.

ಮರುದಿನ ಅವನು ಬರುವುದಿಲ್ಲ ಎಂದುಕೊಂಡಿದ್ದಳು. ಅವನು ಎಲ್ಲರಿಗಿಂತ ಮೊದಲೇ ಬಂದಿದ್ದ.

"ಕೊನೇ ಸೀನಿಂದ ತಗೊಳೋಣ್ವಾ ಮೇಡಂ?"

ಆ ಮೇಡಂನಲ್ಲಿ ಈಗ ತಮಾಷೆ ಇರಲಿಲ್ಲ. ಅವಳು ಹೇಳಬೇಕೆಂದುಕೊಂಡು ಬಂದ ಮಾತನ್ನು ಬಿಟ್ಟು ಲಕ್ಷ್ಮಯ್ಯನವರಿಗೆ ಸನ್ನೆ ಮಾಡಿದಳು. ಲೋಟದ ಸದ್ದಾಯಿತು, ಮೂರ್ತಿ ಅತ್ತ. ಮರುದಿನವೂ ಅತ್ತ. ಜಾಗ ತಪ್ಪಲಿಲ್ಲ, ಹೊತ್ತು ತಪ್ಪಲಿಲ್ಲ, ಮುಖ ಈಗ ಜನರ ಕಡೆ ಇತ್ತು. ಸಂಕರ್ಷಣ ಹಿಗ್ಗಿಹೋಗಿದ್ದರು. ಬಂದವರಿಗೆಲ್ಲ ಆ ದೃಶ್ಯದ ಬಗ್ಗೆ ಹೇಳಿ, ಲೋಟದ ಐಡಿಯಾ ಎಲ್ಲಿಂದ ಕದ್ದೆಯಮ್ಮ ಎಂದು ಮಧುರಾಳನ್ನು ಮೆಚ್ಚುಗೆಯಿಂದ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವಳು ಮೂರ್ತಿಯ ಕಡೆ ನೋಡಿದಳು. ಅವನು ಷೂ ಲೇಸ್ ಕಟ್ಟಿಕೊಳ್ಳುತ್ತಿದ್ದ.

ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು ಅವಳದಾಯಿತು. ದೃಶ್ಯ ತೆಗೆದರೆ ಸ್ಪರ್ಧೆ ಹೋಯಿತು, ಇಟ್ಟುಕೊಂಡರೆ ಅವನು ಹೋದ. ಇನ್ನೂ ಅಸಹ್ಯವೆನಿಸಿದ್ದು ಏನೆಂದರೆ, ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆಯೇ ಎಂದು ಅವಳು ಯೋಚಿಸುತ್ತಿದ್ದದ್ದು. ಕ್ಲಾಸಿನಲ್ಲಿ ಪಾಠ ಮಾಡುವಾಗ, ಊಟಕ್ಕೆ ಕೂತಾಗ ಅದೇ ಯೋಚನೆ, ಲೋಟಕ್ಕೆ ನೀರು ಬಗ್ಗಿಸುವಾಗಲೆಲ್ಲ ಕೈ ತಡೆಯುತ್ತಿತ್ತು.

ಪ್ರದರ್ಶನದ ವಾರ ಬಂತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಮೂರ್ತಿ ಕುರ್ಚಿ ಜೋಡಿಸುತ್ತಿದ್ದ. ಅವಳು ಹೋಗಿ ಎದುರು ನಿಂತಳು.

"ದಿನಾ ಅಳ್ತೀಯಲ್ಲ ಮೂರ್ತಿ. ಅದು ನಿಜವಾಗ್ಲೂ..."

"ಗೊತ್ತಾಗ್ಲಿಲ್ವಾ? ಡೈರೆಕ್ಟರ್ ಅಲ್ವಾ ನೀವು, ಗೊತ್ತಾಗತ್ತೆ ಅಂದ್ಕೊಂಡಿದ್ದೆ."

ಅವನು ಸಿಟ್ಟಾಗಲಿಲ್ಲ. ಕುರ್ಚಿಯೊಂದನ್ನು ಎಳೆದುಕೊಂಡು ಕೂತು ವಿವರಿಸಿ ಹೇಳಿದ. ಮೊದಲ ದಿನದ್ದೊಂದೇ ನಿಜ. ನಟನೆಯ ಲೆಕ್ಕದಲ್ಲಿ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬೆನ್ನು ತೋರಿಸಿದ್ದ, ಮಾತು ಮರೆತಿದ್ದ, ಸುಪ್ರಜಾಳನ್ನು ನಡುನೀರಿನಲ್ಲಿ ಬಿಟ್ಟಿದ್ದ. ಎರಡನೆಯ ದಿನದಿಂದ ಎಲ್ಲ ಕೆಲಸ. ಎಲ್ಲಿ ಉಸಿರು ಹಿಡಿಯಬೇಕು, ಭುಜವನ್ನು ಎಷ್ಟು ಅಲ್ಲಾಡಿಸಬೇಕು ಎಂದು ಮನೆಯಲ್ಲಿ ಕೂತು ಗೊತ್ತುಮಾಡಿಕೊಂಡು ಬಂದದ್ದು. ಸಂಕರ್ಷಣ ಹಿಗ್ಗಿದ್ದು ಅದಕ್ಕೇ.

"ಹಾಗಾದ್ರೆ ನಿನಗೆ ನೋವಾಗ್ತಾ ಇಲ್ಲ," ಎಂದಳು ಮಧುರಾ. ಆ ಧ್ವನಿಯಲ್ಲಿದ್ದ ಆಸೆ ಅವಳಿಗೇ ನಾಚಿಕೆ ತಂದಿತು.

"ಇಲ್ಲಿ ಆಗಲ್ಲ. ಮನೇಲಿ ಆಗತ್ತೆ. ಅಪ್ಪನ್ನ ನೆನಸ್ಕೊಂಡ್ರೆ ಈಗ ಅಪ್ಪನ ಮುಖ ಬರಲ್ಲ, ಲಕ್ಷ್ಮಯ್ಯನವರ ಮುಖ ಬರತ್ತೆ. ಈ ಮಂಚ ಬರತ್ತೆ, ಈ ಹಾಲ್ ಬರತ್ತೆ. ಕೆಟ್ಟದೋ ಒಳ್ಳೇದೋ, ನನ್ನ ಹತ್ರ ಇದ್ದಿದ್ದು ಅದೊಂದೇ ಕಣ್ರೀ. ಅದನ್ನೂ ಇಲ್ಲಿ ಸವೆಸ್ಬಿಟ್ವಿ."

ಮಧುರಾ ಅಲ್ಲೇ ವೇದಿಕೆಯ ಅಂಚಿಗೆ ಕೂತಳು.

"ಕೇಳ್ಬಹುದಿತ್ತು ನೀವು. ನಮ್ಮಂಥೋರ ಮನೇದು ಅಂದ್ರೆ ಕೇಳ್ಬೇಕು ಅಂತ ಅನ್ಸಲ್ಲ, ಅಲ್ವಾ?" ಎಂದ ಮೂರ್ತಿ. ಆಮೇಲೆ, "ಶನಿವಾರ ಅಮ್ಮ ನಾಟಕಕ್ಕೆ ಬರ್ತಾಳೆ. ಆ ಸದ್ದು ಅವಳಿಗೆ ಗೊತ್ತು," ಎಂದು ಹೇಳಿ ಎದ್ದು ಹೋದ.

ಮಾರನೆಯ ದಿನ ಮಧುರಾ ಎಲ್ಲರನ್ನೂ ಕೂರಿಸಿ ಹೇಳಿದಳು. ಮೂರ್ತಿ ನನ್ನನ್ನು ನಂಬಿ ಹೇಳಿದ ಒಂದು ವಿಷಯವನ್ನು ಕೇಳದೆ ಎತ್ತಿಕೊಂಡು ನಾಟಕಕ್ಕೆ ಹಾಕಿದೆ, ಏನು ಎಂಬುದನ್ನು ಯಾರೂ ಕೇಳಬಾರದು, ಲೋಟ ಇವತ್ತಿಂದ ಇಲ್ಲ. ಡೈರೆಕ್ಟರ್ ನಟರ ಎದುರು ಹೀಗೆಲ್ಲ ತಪ್ಪೊಪ್ಪಿಕೊಂಡರೆ ನಾಳೆ ಯಾರು ಮಾತು ಕೇಳುತ್ತಾರೆ ಎಂದು ಸಂಕರ್ಷಣ ರೇಗಿದರು. ಅಷ್ಟು ಒಳ್ಳೆಯ ದೃಶ್ಯವನ್ನು ಯಾರಾದರೂ ಬಾವಿಗೆ ಹಾಕುತ್ತಾರೆಯೇ ಎಂದರು. ಅವರ ಮಾತು ಸುಳ್ಳೇನೂ ಆಗಿರಲಿಲ್ಲ. ಮೂರ್ತಿ ನೆಲ ನೋಡುತ್ತಾ ಕೂತಿದ್ದ.

"ಕೊನೇ ಸೀನ್ ನೀವಿಬ್ರೂ ಮಾಡ್ಕೊಳ್ಳಿ," ಎಂದು ಅವಳು ಮೂರ್ತಿಗೂ ಲಕ್ಷ್ಮಯ್ಯನವರಿಗೂ ಹೇಳಿದಳು. "ಏನ್ ಮಾಡ್ತೀರೋ ಮಾಡಿ. ನಾನು ಶನಿವಾರ ಜನರ ಜೊತೆ ನೋಡ್ತೀನಿ."

ಆ ದೃಶ್ಯ ಬಂದಾಗಲೆಲ್ಲ ಅವಳು ಎದ್ದು ಶಾಲೆಯ ಮೆಟ್ಟಿಲ ಮೇಲೆ ಹೋಗಿ ಕೂರತೊಡಗಿದಳು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಕೂರುವುದು ಎಷ್ಟು ಕಷ್ಟ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಒಳಗಿಂದ ಒಮ್ಮೆ ನಗು ಕೇಳಿಸಿತು. ಅವಳಿಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ತನ್ನ ಮೇಲೇ ಸಿಟ್ಟು ಬಂತು.

ಶನಿವಾರ ಅವಳು ಹಿಂದಿನ ಸಾಲಿನಲ್ಲಿ ಕೂತಳು. ಮುಂದೆಲ್ಲೋ ಬೈರಮ್ಮ ಕೂತಿರಬೇಕು, ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕೊನೆಯ ದೃಶ್ಯ ಬಂತು. ಮಗ ಬಂದು ನಿಂತ. ಅಪ್ಪ ನೋಡಿದ. ಮಗ ಮಂಚದ ತುದಿಯಲ್ಲಿ ಕೂತು, ಅಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಜೇಬಿನಿಂದ ನೇಲ್‌ಕಟರ್ ತೆಗೆದು ಉಗುರು ಕತ್ತರಿಸತೊಡಗಿದ. ಆ ದೃಶ್ಯಕ್ಕಿದ್ದ ಬೈಗುಳದ ಮಾತುಗಳನ್ನೆಲ್ಲ ಉಗುರು ಕತ್ತರಿಸುತ್ತಲೇ ಹೇಳಿದ. ಒಮ್ಮೆ ಅಪ್ಪ ಕಚಗುಳಿಯಾಗಿ ಕಾಲೆಳೆದುಕೊಂಡ, ಜನ ನಕ್ಕರು. ಮೂರ್ತಿ ಅಳಲೇ ಇಲ್ಲ. ಕತ್ತರಿಸಿದ ಉಗುರನ್ನೆಲ್ಲ ಅಂಗೈಗೆ ಗುಡಿಸಿಕೊಂಡು ಎದ್ದು ಹೊರಗೆ ನಡೆದ. ಮಧುರಾಳ ಪಕ್ಕದ ಅಪರಿಚಿತ ಹೆಂಗಸು ಸೆರಗಿನಿಂದ ಕಣ್ಣೊತ್ತಿಕೊಂಡಳು. ಮಧುರಾಗೂ ಕಣ್ಣು ಮಂಜಾಯಿತು. ಇಂಥದ್ದು ತನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ ಎಂದು ಗೊತ್ತಾಗಿ, ತನ್ನಿಂದ ಅವನಿಗೆ ಏನೇನು ಕಳೆದುಹೋಯಿತು ಎಂಬುದೂ ಆಗಲೇ ನೆನಪಾಯಿತು.

ಬಹುಮಾನ ಬರಲಿಲ್ಲ. ಸಮಾಧಾನಕರ ಬಹುಮಾನವೂ ಇಲ್ಲ. ಸಂಕರ್ಷಣ ಮುಖ ತಿರುಗಿಸಿಕೊಂಡು ಹೋದರು. ಗ್ರೀನ್‌ರೂಮಿನ ಬಾಗಿಲಲ್ಲಿ ಎತ್ತರದ ಹೆಂಗಸೊಬ್ಬರು ಮಧುರಾಳ ಗಲ್ಲ ಮುಟ್ಟಿ, ನೀನೇನವ್ವ ನನ್ ಮಗನ್ನ ಕುಣ್ಸಿದ್ದು, ನಾಳೆ ಮನೆಗ್ ಬಾ ಎಂದರು. ಹಿಂದೆ ನಿಂತಿದ್ದ ಮೂರ್ತಿ ಬೇಡ ಎನ್ನಲಿಲ್ಲ.

ಮಾವಳ್ಳಿಯ ಆ ಮನೆ ಚಿಕ್ಕದು, ಅಚ್ಚುಕಟ್ಟು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ. ಶ್ರೀನಿವಾಸಯ್ಯನ ಫೋಟೋ ಇರಲಿಲ್ಲ. ತೆಗೆಸಿಕೊಳ್ಳುವುದೆಂದರೆ ಅವನಿಗೆ ಆಗುತ್ತಿರಲಿಲ್ಲವಂತೆ. ಬೈರಮ್ಮ ಚಿತ್ರಾನ್ನ ಬಡಿಸುತ್ತಾ ಹೇಳತೊಡಗಿದರು. ಗಂಡ ಒಂದು ದಿನ ಕಲಾಸಿಪಾಳ್ಯದಲ್ಲಿ ಅಗ್ಗವಾಗಿ ಸಿಕ್ಕಿತೆಂದು ಒಂದು ಮೂಟೆ ಬದನೆಕಾಯಿ ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದ. ಬೀದಿಗೆಲ್ಲ ಹಂಚಿದರೂ ಮುಗಿಯಲಿಲ್ಲ.

"ಬಾಗ್ಲಲ್ಲಿ ನಿಂತವ್ನೆ, ಯುದ್ಧ ಗೆದ್ದು ಬಂದವ್ನಂಗೆ. ಬದ್ನೆಕಾಯಿ ತಿಂದು ತಿಂದು ಇವ್ನಿಗೆ ಮೈಯೆಲ್ಲ ಕಡಿತ."

"ಮೀಸೆ ತಿರುವ್ತಾ ಇದ್ರು," ಎಂದ ಮೂರ್ತಿ ಥಟ್ಟನೆ. "ಮೀಸೆಗೆ ಮಣ್ಣಾಗಿತ್ತು. ಒಂದ್ ಕಡೆ ಮಾತ್ರ."

ಹೇಳಿ ಅವನು ತಟ್ಟೆಯ ಮೇಲೆ ಕೈ ಹಾಗೇ ಹಿಡಿದು ಕೂತ. ಲಕ್ಷ್ಮಯ್ಯನವರಿಗೆ ಮೀಸೆ ಇರಲಿಲ್ಲ. ಬೈರಮ್ಮ ಇದೊಂದೂ ತಿಳಿಯದೆ, ಅನ್ನ ತಣ್ಣಗಾಗತ್ತೆ ಉಣ್ಣೋ ಎಂದು ಗದರಿದರು. ಮೂರ್ತಿ ನಗುತ್ತಾ ಕಣ್ಣೊರೆಸಿಕೊಂಡ. ಮಧುರಾ ತಲೆ ತಗ್ಗಿಸಿ ಊಟ ಮಾಡಿದಳು.

ಸಂಜೆ ಅವನು ಅವಳನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದ. ಅವಳು ಸುಮ್ಮನೆ ಇರಬಹುದಿತ್ತು. ಎಲ್ಲವೂ ಒಳ್ಳೆಯದಾಗುವ ಹಾಗೆ ಕಾಣುತ್ತಿದ್ದ ಹೊತ್ತು ಅದು.

"ಮೂರ್ತಿ, ಒಂದು ಹೇಳ್ಬೇಕು. ನಿಮ್ಮಮ್ಮ ಬದ್ನೆಕಾಯಿ ವಿಷ್ಯ ಹೇಳ್ತಿದ್ದಾಗ, ಅವ್ರು ಎಲ್ಲಿ ನಿಂತ್ರೆ ಚೆನ್ನಾಗಿರತ್ತೆ, ಲೈಟ್ ಎಲ್ಲಿಂದ ಬರ್ಬೇಕು ಅಂತ ನನ್ನ ತಲೆ ಓಡ್ತಾ ಇತ್ತು. ನೀನು ಕಣ್ಣೊರೆಸ್ಕೊಂಡಾಗ್ಲೂ ಓಡ್ತಾ ಇತ್ತು. ತಪ್ಪು ಅಂತ ಗೊತ್ತು. ಆದ್ರೂ ಅದು ನಿಲ್ಲಲ್ಲ ಅನ್ಸತ್ತೆ."

"ಗೊತ್ತು. ನಿನ್ನ ಮುಖ ನೋಡ್ತಿದ್ದೆ."

ನಿನ್ನ ಎಂದದ್ದು ಕೇಳಿ ಅವಳಿಗೆ ಅಳು ಬಂದುಬಿಟ್ಟಿತು.

"ತಲೆ ಓಡ್ಲಿ ಬಿಡು, ಅದಕ್ಕೇನೂ ಮಾಡಕ್ಕಾಗಲ್ಲ," ಎಂದ ಮೂರ್ತಿ. "ತಗೊಳ್ಳೋಕೆ ಮುಂಚೆ ಕೇಳು. ನಾನು ಇಲ್ಲ ಅಂದ್ರೆ ಇಲ್ಲ ಅಷ್ಟೇ. ಕೇಳ್ತೀಯಾ?"

"ಕೇಳ್ತೀನಿ."

ಬಸವನಗುಡಿಯ ಬಸ್ಸು ಬಂತು. ಅವಳು ಹತ್ತಲಿಲ್ಲ, ಅದು ಹೊರಟುಹೋಯಿತು. ಆಟೋಗಳ ಗದ್ದಲದ ನಡುವೆ ಅವಳು ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ನಿನ್ನನ್ನ ಪ್ರೀತಿಸ್ತೀನಿ ಅಂತ ಹೇಳ್ಲಾ?"

ಅವನು ಬಸ್ಸು ಬರುವ ದಾರಿಯ ಕಡೆ ನೋಡಿದ. ಇಲ್ಲ ಎಂದರೂ ಎನ್ನಬಹುದಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಮುಂದಿನ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಮಧುರಾ ಅವನ ಮುಖದಲ್ಲಿ ಏನನ್ನೂ ಹುಡುಕದೆ, ಬ್ಯಾಗನ್ನು ಎದೆಗವುಚಿಕೊಂಡು ಸುಮ್ಮನೆ ಕಾದಳು.

"ಹೂಂ, ಹೇಳು," ಎಂದ ಮೂರ್ತಿ.

ಅವಳು ಹೇಳಿದಳು.